ಗುಡ್ಡದ ಇಳಿಜಾರಿನ ಮನೆ: ಮಳೆಗಾಲದ ತುರ್ತು ಸಿದ್ಧತೆ ಎಲ್ಲಿಂದ ಆರಂಭ?

ಪ್ರಶ್ನೆ:
ಮಾನ್ಯರೇ, ಮಡಿಕೇರಿ ಸಮೀಪದ ಇಳಿಜಾರಿನಲ್ಲಿರುವ ನಮ್ಮ ಮನೆಯಲ್ಲಿ ವಯಸ್ಸಾದ ತಾಯಿಯವರೂ ಶಾಲೆಗೆ ಹೋಗುವ ಮಗಳೂ ಇದ್ದಾರೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲಗಳಲ್ಲಿ ಗುಡ್ಡ ಕುಸಿದ ನಂತರ ಪ್ರತಿ ಮಳೆಗಾಲವೂ ಆತಂಕ ತರುತ್ತದೆ. ಸಿದ್ಧತೆಯನ್ನು ಯಾವುದರಿಂದ ಆರಂಭಿಸಬೇಕು?

ಉತ್ತರ 1:
ಸಾಮಾನು ಕೊಳ್ಳುವ ಮೊದಲು, ಯಾರ ಮನೆಗೆ, ಯಾವ ದಾರಿಯಲ್ಲಿ ಹೋಗಬೇಕೆಂಬುದನ್ನು ಎಲ್ಲರೂ ಕುಳಿತು ನಿರ್ಧರಿಸಿರಿ. ತೊರೆ ದಾಟಬೇಕಾದ ದಾರಿಯನ್ನು ನೆಚ್ಚಬೇಡಿ. ನೆಲದಲ್ಲಿ ಹೊಸ ಬಿರುಕು ಕಾಣಿಸಿದರೆ, ಮರ ಅಥವಾ ವಿದ್ಯುತ್ ಕಂಬ ವಾಲಿದರೆ, ಬಾಗಿಲುಗಳು ಇದ್ದಕ್ಕಿದ್ದಂತೆ ಬಿಗಿಯಾದರೆ, ಮಳೆ ಸುರಿಯುತ್ತಿದ್ದರೂ ತೊರೆಯ ನೀರು ಹಠಾತ್ತನೆ ಇಳಿದರೆ ಅಥವಾ ಕೆಸರಾದರೆ, ಅಧಿಕೃತ ಸೂಚನೆಗೆ ಕಾಯದೆ ಹೊರಡಿರಿ. ತಾಯಿಯವರನ್ನು ಕತ್ತಲಲ್ಲಿ ಸಾಗಿಸುವುದು ಕಷ್ಟವಾದ್ದರಿಂದ, ಹವಾಮಾನ ಇಲಾಖೆ ರೆಡ್ ಅಲರ್ಟ್ ನೀಡಿದ ದಿನ ಹಗಲಿನಲ್ಲೇ ಸ್ಥಳಾಂತರಗೊಳ್ಳುವುದು ಮೇಲು. ನೆರೆಯವರು ನಕ್ಕರೆ ನಗಲಿ.

ಉತ್ತರ 2:
ಮೇಲಿನ ಮಾತಿಗೆ ನನ್ನ ಸಹಮತವಿದೆ. ಬೆನ್ನಿಗೇರಿಸುವ ಚೀಲದಲ್ಲಿ ತಾಯಿಯವರ ಒಂದು ವಾರದ ಔಷಧ ಮತ್ತು ವೈದ್ಯರ ಚೀಟಿ, ಓಆರ್‌ಎಸ್, ಟಾರ್ಚ್, ಪವರ್ ಬ್ಯಾಂಕ್, ಸೀಟಿ, ಅವಲಕ್ಕಿ, ಬೆಲ್ಲ, ಚಿಲ್ಲರೆ ಹಣ ಇರಲಿ. ಆಧಾರ್, ಪಡಿತರ ಚೀಟಿ, ಆರ್‌ಟಿಸಿಗಳ ಪ್ರತಿಗಳನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿಡಿ, ಏಕೆಂದರೆ ಪರಿಹಾರದ ಅರ್ಜಿಗೆ ಅವು ಬೇಕಾಗುತ್ತವೆ. ಕುಡಿಯುವ ನೀರನ್ನು ತಲಾ ದಿನಕ್ಕೆ ಮೂರು ಲೀಟರಿನಂತೆ ಲೆಕ್ಕ ಹಾಕಿರಿ.

ಉತ್ತರ 3:
ಹೊರಡುವಾಗ ಗ್ಯಾಸ್ ರೆಗ್ಯುಲೇಟರ್, ಮೇನ್ ಸ್ವಿಚ್ ಆರಿಸಿ, ಕೊಟ್ಟಿಗೆಯ ದನಗಳ ಹಗ್ಗ ಬಿಚ್ಚಿರಿ. ತುರ್ತು ಸಂಖ್ಯೆ 112 ಅನ್ನು ಮಗಳಿಗೂ ಕಲಿಸಿರಿ.