ಸಮಸ್ಯೆ: ‘ಗೋಳಿಟ್ಟಿತು ಬಾಯಿಯಿಲ್ಲದಿರ್ದುಂ ನೋಡಾ’

ಪೃಚ್ಛಕ: ಈ ಸಲ ಕಂದಪದ್ಯದ ಕೊನೆಯ ಪಾದವನ್ನು ಕೊಟ್ಟಿದ್ದೇನೆ; ಮೊದಲಿನ ಮೂರು ಪಾದಗಳನ್ನು ನೀವು ಪೂರಣ ಮಾಡಬೇಕು. ಬಿಡಿಭಾಗಗಳನ್ನು ತಂದು ಮನೆಯಲ್ಲೇ ಜೋಡಿಸಿದ ಡೆಸ್ಕ್‌ಟಾಪ್ ಕಂಪ್ಯೂಟರಿನಿಂದ ಹೊರಡುವ ವಿಚಿತ್ರ ಸದ್ದೇ ವಸ್ತು. ಗೋಳಿಟ್ಟದ್ದು ಯಾವ ಭಾಗ, ಏಕೆ ಎಂಬುದು ಪದ್ಯದಿಂದಲೇ ತಿಳಿಯಬೇಕು; ‘ಯಂತ್ರ ಅತ್ತಿತು’ ಎಂದು ತೇಲಿಸಿಬಿಡುವ ಪೂರಣಗಳನ್ನು ನಾನು ಒಪ್ಪುವುದಿಲ್ಲ.

ಕಂದಲೋಲ:

ಧೂಳಿ ಮುಸುಕಿರ್ದ ಫ್ಯಾನಿನ
ತೋಳಿಗೆ ತಾಗಿರ್ದ ತಂತಿ ಟಕಟಕವೆನುತುಂ
ಕೇಳಿದವರೆಲ್ಲ ಬೆದರಲ್
ಗೋಳಿಟ್ಟಿತು ಬಾಯಿಯಿಲ್ಲದಿರ್ದುಂ ನೋಡಾ

ಗಣಪರೀಕ್ಷಕ: ಓಟ ಚೆನ್ನಾಗಿದೆ, ಆದರೆ ಮೊದಲ ಪಾದವೇ ಕುಂಟುತ್ತಿದೆ. ‘ಇರ್ದ ಫ್ಯಾನಿನ’ ಎಂಬಲ್ಲಿ, ಮುಂದೆ ಒತ್ತಕ್ಷರವಿದ್ದೂ, ದಕಾರವನ್ನು ಎರಡು ಮಾತ್ರೆಯ ಗುರುವೆನ್ನದೆ ಒಂದು ಮಾತ್ರೆಯ ಲಘುವೆಂದು ಹೇಗೆ ಎಣಿಸಿದಿರಿ? ‘ಗಾಲಿಯ’ ಎಂದು ತಿದ್ದಿಕೊಂಡರೆ ಎಲ್ಲವೂ ನೇರವಾಗುತ್ತದೆ.

ಕಂದಲೋಲ: ಕಿವಿಯಿಂದ ಎಣಿಸಿದೆ. ‘ವ್ಯಾಸ’ದ ಯಕಾರ ಕೇಳಿಸುತ್ತದೆ, ‘ಫ್ಯಾನ್’ನ ಯಕಾರ ಕೇಳಿಸುವುದಿಲ್ಲ; ನಮ್ಮ ಲಿಪಿಯಲ್ಲಿ ಆ ಸ್ವರಕ್ಕೆ ಬೇರೆ ಗುರುತು ಇಲ್ಲದ್ದರಿಂದ ಒತ್ತು ಕೊಟ್ಟು ಬರೆಯುತ್ತೇವೆ, ಅಷ್ಟೆ. ನೀವು ಹೇಳುವ ಗಾಲಿ ನೆಲದ ಮೇಲೆ ಉರುಳುವಂಥದ್ದು. ಅದಕ್ಕೆ ತೋಳೂ ಇಲ್ಲ, ಅದಕ್ಕೆ ತಂತಿ ತಾಗುವ ಪ್ರಮೇಯವೂ ಇಲ್ಲ. ಹೋದ ಸಮಸ್ಯೆಯಲ್ಲಿ ನಾನು ಸಂಧಿ ಮಾಡದೆ ಬಿಟ್ಟ ಒಂದು ವಿಸಂಧಿಯನ್ನು ಹಿಡಿದು ವಾರಗಟ್ಟಲೆ ಎಳೆದಾಡಿದ್ದೀರಿ. ಈ ಸಲ ನಾನು ಒಂದು ಮಾತ್ರೆಯನ್ನೂ ಬಿಟ್ಟುಕೊಡುವುದಿಲ್ಲ.

ಗಣಪರೀಕ್ಷಕ: ಆ ವಿಸಂಧಿ ಈಗಲೂ ವಿಸಂಧಿಯೇ. ಪದ್ಯವು ಕಿವಿಗೆ ಉತ್ತರ ಕೊಡಬೇಕಾದಷ್ಟೇ ಬರೆಹಕ್ಕೂ ಕೊಡಬೇಕು. ಇವತ್ತು ‘ಫ್ಯಾ’ಕ್ಕೆ ರಿಯಾಯಿತಿ ಕೊಟ್ಟರೆ ನಾಳೆ ಎಲ್ಲ ಒತ್ತಕ್ಷರಗಳೂ ಸಾಲುಗಟ್ಟಿ ನಿಲ್ಲುತ್ತವೆ. ಇನ್ನು ಧೂಳಿಯ ವಿಷಯ. ಅದು ಪ್ರಾಸಕ್ಕಾಗಿ ಬಂದಿದೆಯೇ ಹೊರತು ರೋಗಕ್ಕಾಗಿ ಅಲ್ಲ. ಅಲಗುಗಳ ಮೇಲೆ ಧೂಳು ಹೆಚ್ಚುಕಡಿಮೆಯಾಗಿ ಕೂತರೆ ತೂಕ ತಪ್ಪಿ ಇಡೀ ಪೆಟ್ಟಿಗೆ ಗುಂಯ್‌ಗುಡುತ್ತದೆ, ಟಕಟಕ ಎನ್ನುವುದಿಲ್ಲ. ಒಂದು ಪದ್ಯಕ್ಕೆ ಎರಡು ರೋಗಗಳನ್ನು ತುಂಬಿದ್ದೀರಿ.

ಕಂದಲೋಲ: ಎರಡಲ್ಲ, ಒಂದರಿಂದ ಇನ್ನೊಂದು. ಪ್ರೊಸೆಸರಿನ ಬಿಸಿಯನ್ನು ಹೀರುವ ಹೀಟ್‌ಸಿಂಕಿನ ಸಂದುಗಳನ್ನು ಧೂಳು ಮುಚ್ಚಿದಾಗ ಪ್ರೊಸೆಸರ್ ಬಿಸಿಯೇರುತ್ತದೆ, ಮದರ್‌ಬೋರ್ಡ್ ಫ್ಯಾನಿನ ವೇಗವನ್ನು ಹೆಚ್ಚಿಸುತ್ತದೆ, ಅಲ್ಲಿಯವರೆಗೆ ಸುಮ್ಮನೆ ಸವರಿಕೊಂಡಿದ್ದ ತಂತಿ ಆಗ ಎಲ್ಲರಿಗೂ ಕೇಳಿಸುವಂತೆ ಬಡಿಯತೊಡಗುತ್ತದೆ. ವೇಗ ಏರಿಳಿದಂತೆ ಟಕಟಕದ ಲಯವೂ ಏರಿಳಿದರೆ ದೋಷ ತಿರುಗುವ ಭಾಗದ್ದೇ ಎಂದು ನಿಸ್ಸಂಶಯವಾಗಿ ಹೇಳಬಹುದು. ತಂತಿಗಳನ್ನು ಒಟ್ಟುಗೂಡಿಸಿ ಕಟ್ಟಿಬಿಟ್ಟರೆ ಪದ್ಯವೂ ಮುಗಿಯಿತು, ಗೋಳೂ ಮುಗಿಯಿತು.

ಹಳಗನ್ನಡಿಗ:

ಬಾಳಿನ ನೆನಪಂ ಪೊತ್ತಾ
ಹೋಳಿನ ಮೇಲಾಡಿ ಸೂಜಿ ನೆಲೆಗಾಣದಿರಲ್
ತಾಳದೊಳೆ ಕಟಕಟೆನ್ನುತೆ
ಗೋಳಿಟ್ಟಿತು ಬಾಯಿಯಿಲ್ಲದಿರ್ದುಂ ನೋಡಾ

ಪೃಚ್ಛಕ: ಸೊಗಸಾಗಿದೆ, ಒಪ್ಪಿದೆ.

ಗಣಪರೀಕ್ಷಕ: ‘ಬಾೞ್’, ‘ಪೋೞ್’ ಇವೆರಡರದೂ ರಳ, ಅಂದರೆ ಹಳಗನ್ನಡದ ೞಕಾರ; ಅವನ್ನು ಳಕಾರದ ‘ತಾಳ’ದ ಪಕ್ಕದಲ್ಲಿ ಪ್ರಾಸಕ್ಕೆ ಕೂರಿಸಿದ್ದೀರಿ. ಈ ಹೆಸರಿಟ್ಟುಕೊಂಡವರಿಂದ ಇದನ್ನು ನಾನು ನಿರೀಕ್ಷಿಸಿರಲಿಲ್ಲ.

ಹಳಗನ್ನಡಿಗ: ಪೋೞನ್ನು ಹೋಳಾಗಿಸಿ ಬರೆದಿದ್ದೇನೆ; ಪಕಾರವನ್ನು ಬಿಟ್ಟ ಕನ್ನಡ ರಳವನ್ನೂ ಬಿಟ್ಟಿದೆ. ಲಯವನ್ನು ಗಮನಿಸಿ ಎಂದು ಕೇಳಿಕೊಳ್ಳುತ್ತೇನೆ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್‌ಡಿಸ್ಕ್ ಸೆಕೆಂಡಿಗೆ 120 ಸುತ್ತಿನ ಮಂದ್ರ ಗುಂಯ್‌ಕಾರವನ್ನು ಸದಾ ಹೊರಡಿಸುತ್ತಿರುತ್ತದೆ, ಕಡತ ಹುಡುಕುವಾಗ ಅನಿಯತವಾಗಿ ಕುಟುಕುಟು ಎನ್ನುತ್ತದೆ. ಇವೆರಡೂ ಆರೋಗ್ಯದ ಸದ್ದುಗಳು. ತಾಳ ಹಾಕಿದಂತೆ ಒಂದೇ ಅಂತರದಲ್ಲಿ ಮತ್ತೆ ಮತ್ತೆ ಕಟ್ ಎಂದರೆ ಮಾತ್ರ ಓದುವ ಹೆಡ್ ತನ್ನ ಜಾಡನ್ನು ಕಾಣದೆ ಹಿಂದಿರುಗಿ ಪುನಃ ಯತ್ನಿಸುತ್ತಿದೆ ಎಂದು ಅನುಮಾನಿಸಬೇಕು. ಆಗ ಪದ್ಯ ಬರೆಯುತ್ತ ಕೂರದೆ, ಡಿಸ್ಕ್ ಇನ್ನೂ ಓದಿಸಿಕೊಳ್ಳುತ್ತಿದ್ದರೆ, ಮುಖ್ಯವಾದ ಕಡತಗಳನ್ನು ಮೊದಲು ಬೇರೆಡೆಗೆ ನಕಲು ಮಾಡಿಕೊಳ್ಳಬೇಕು. ‘ತಾಳದೊಳೆ’ ಎಂಬ ಮಾತನ್ನು ಇಟ್ಟದ್ದು ಅದಕ್ಕಾಗಿ.

ಕಂದಲೋಲ: ತಾಳ ಸರಿ, ಸೂಜಿ ಸರಿಯಿಲ್ಲ. ಸೂಜಿ ಗ್ರಾಮಫೋನಿನ ತಟ್ಟೆಯನ್ನು ಕೆರೆಯುತ್ತದೆ. ಹಾರ್ಡ್‌ಡಿಸ್ಕಿನ ಹೆಡ್ ತೆಳುವಾದ ಗಾಳಿಯ ಪದರದ ಮೇಲೆ ತೇಲುತ್ತದೆ, ತಟ್ಟೆಗೆ ತಾಗಿತೆಂದರೆ ಅದೇ ಅನಾಹುತ.

ಹಳಗನ್ನಡಿಗ: ‘ಮೇಲಾಡಿ’ ಎಂದಿದ್ದೇನೆ, ‘ಕೆರೆದು’ ಎಂದಿಲ್ಲ.

ಯಂತ್ರಪ್ರಿಯ: ಹಿರಿಯರ ನಡುವೆ ನನ್ನದೊಂದು ಪೂರಣ.

ಆಳದ ಸುರುಳಿಯ ಮೈಯೊಳ್
ಗಾಳಿಯ ಹಂಗಿಲ್ಲದಂತೆ ಮಿಂಚದು ಪರಿಯಲ್
ಕಾಳಗದಾಟದೆ ಕೀಚೆನೆ
ಗೋಳಿಟ್ಟಿತು ಬಾಯಿಯಿಲ್ಲದಿರ್ದುಂ ನೋಡಾ

ಗಣಪರೀಕ್ಷಕ: ಗಣಗಳಲ್ಲಿ ಹಿಡಿಯುವುದಕ್ಕೆ ಏನೂ ಇಲ್ಲ. ಆದರೆ ‘ಕೀಚ್’ ಎನ್ನುವುದು ಒಣಗಿದ ಬೇರಿಂಗಿನ ಸದ್ದಲ್ಲವೇ? ಸುರುಳಿಗೆ ಏಕೆ ಆರೋಪಿಸಿದಿರಿ?

ಯಂತ್ರಪ್ರಿಯ: ‘ಗಾಳಿಯ ಹಂಗಿಲ್ಲದಂತೆ’ ಎಂದು ಎರಡನೆಯ ಪಾದದಲ್ಲಿ ಫ್ಯಾನನ್ನು ಹೊರಗಿಟ್ಟಿದ್ದೇನೆ. ಗ್ರಾಫಿಕ್ಸ್ ಕಾರ್ಡಿನಲ್ಲೂ ಪವರ್ ಸಪ್ಲೈಯಲ್ಲೂ ಇರುವ ತಾಮ್ರದ ಸುರುಳಿಗಳು ವಿದ್ಯುತ್ತಿನ ಏರಿಳಿತಕ್ಕೆ ಸೂಕ್ಷ್ಮವಾಗಿ ಕಂಪಿಸುತ್ತವೆ, ಆ ಕಂಪನ ಕಿವಿಯ ಅಳವಿಗೆ ಬಂದಾಗ ಸಣ್ಣ ಕೀರಲು ದನಿ ಕೇಳಿಸುತ್ತದೆ. ಯುದ್ಧದ ಆಟ ತೆರೆದೊಡನೆ ಹುಟ್ಟಿ, ಮುಚ್ಚಿದೊಡನೆ ತಟ್ಟನೆ ನಿಲ್ಲುವುದು ಅದರ ಗುಣ. ಫ್ಯಾನಾದರೋ ಬಿಸಿ ಇಳಿಯುವವರೆಗೂ ತಿರುಗುತ್ತಿರುತ್ತದೆ. ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆಗೆ ಮಿತಿ ಹಾಕಿದರೆ ದನಿ ಬದಲಾಗುತ್ತದೆ ಅಥವಾ ತಗ್ಗುತ್ತದೆ. ಕೇಳಲು ಹಿಂಸೆಯಾದರೂ ಅಷ್ಟರಿಂದಲೇ ಕಾರ್ಡ್ ಕೆಟ್ಟಿತೆಂದು ಹೇಳುವಂತಿಲ್ಲ.

ಗಣಪರೀಕ್ಷಕ: ಸಮಾಧಾನವಾಯಿತು.

ಕಂದಲೋಲ: ನನಗೆ ಸಿಗದ ಸಮಾಧಾನ ಹೊಸಬರಿಗೆ ಇಷ್ಟು ಬೇಗ ಸಿಕ್ಕಿತೇ?

ಗಣಪರೀಕ್ಷಕ: ಅವರು ‘ಫ್ಯಾ’ ಎಂದು ಬರೆಯಲಿಲ್ಲ. ಫ್ಯಾನನ್ನು ‘ಗಾಳಿ’ಯೆಂದು ಸೂಚಿಸಿ ದಾಟಿದ್ದಾರೆ, ಅದನ್ನು ಕೌಶಲವೆನ್ನುತ್ತಾರೆ.

ಪೃಚ್ಛಕ: ಈ ಸಮಸ್ಯೆ ಹುಟ್ಟಿದ್ದು ನನ್ನ ಮೇಜಿನ ಕೆಳಗೇ ಎಂದು ಈಗ ಹೇಳಬಹುದು. ಬೆಳಿಗ್ಗೆ ಆನ್ ಮಾಡಿದೊಡನೆ ಗರಗರ ಎಂದು ಅರೆಯುವ ಸದ್ದು ಬರುತ್ತದೆ, ಯಂತ್ರ ಬಿಸಿಯಾಗುತ್ತಿದ್ದಂತೆ ಕರಗಿಹೋಗುತ್ತದೆ. ತಂತಿ ಯಾವುದೂ ತಾಗುತ್ತಿಲ್ಲ, ಹಾರ್ಡ್‌ಡಿಸ್ಕ್ ನನ್ನಲ್ಲಿಲ್ಲ, ಇರುವುದು ಎಸ್ಎಸ್‌ಡಿ ಮಾತ್ರ.

ಹಳಗನ್ನಡಿಗ: ಎಸ್ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ, ಆದ್ದರಿಂದ ನನ್ನ ಪದ್ಯ ನಿಮಗೆ ಅನ್ವಯಿಸುವುದಿಲ್ಲ.

ಕಂದಲೋಲ: ಚಳಿಯಲ್ಲಿ ಗರಗರ, ಬಿಸಿಯಾದಾಗ ಮೌನ ಎಂದರೆ ಫ್ಯಾನಿನ ಅಚ್ಚು ತಿರುಗುವ ಸ್ಲೀವ್ ಬೇರಿಂಗಿನ ಎಣ್ಣೆ ಬತ್ತುತ್ತಿರುವ ಲಕ್ಷಣ. ಉಳಿದ ಎಣ್ಣೆ ಬಿಸಿಗೆ ತೆಳುವಾಗಿ ಹರಡಿಕೊಳ್ಳುವವರೆಗೆ ಅದು ಅರೆಯುತ್ತದೆ.

ಗಣಪರೀಕ್ಷಕ: ರೋಗದ ಮಟ್ಟಿಗೆ ಕಂದಲೋಲರನ್ನು ಅನುಮೋದಿಸುತ್ತೇನೆ, ಆದರೆ ಯಾವ ಫ್ಯಾನು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಪೆಟ್ಟಿಗೆಯ ಪಕ್ಕದ ಹಲಗೆಯನ್ನು ತೆಗೆದು, ಸದ್ದು ಬರುತ್ತಿರುವಾಗಲೇ, ಪ್ರತಿ ಫ್ಯಾನಿನ ನಟ್ಟನಡುವಿನ ಗುಬ್ಬದ ಮೇಲೆ ಬೆರಳ ತುದಿಯನ್ನು ಮೆಲ್ಲಗೆ ಒತ್ತಿ ಕ್ಷಣಕಾಲ ನಿಲ್ಲಿಸಿ ನೋಡಿ, ಅಲಗುಗಳನ್ನು ಮುಟ್ಟಬೇಡಿ. ಯಾವುದು ನಿಂತಾಗ ಗರಗರ ನಿಲ್ಲುತ್ತದೆಯೋ ಅದೇ ಅಪರಾಧಿ. ಎಲ್ಲವೂ ನಿರ್ದೋಷಿಗಳೆಂದು ಕಂಡರೆ ಉಳಿಯುವುದು ಪವರ್ ಸಪ್ಲೈಯೊಳಗಿನದು, ಅದನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕರ ವಿದ್ಯುತ್ತು ಉಳಿದಿರುತ್ತದೆ. ನಾಳೆ ಬೆಳಿಗ್ಗೆ ಪರೀಕ್ಷಿಸಿ ತಿಳಿಸಿ. ಅಪರಾಧಿ ಯಾರೆಂದು ಗೊತ್ತಾದ ಮೇಲೆ ನನ್ನ ಪೂರಣವನ್ನು ಕೊಡುತ್ತೇನೆ, ಅದರಲ್ಲಿ ಫ್ಯಾನಿನ ಹಿಂದಿನ ಅಕ್ಷರ ಗುರುವಾಗಿಯೇ ಇರುತ್ತದೆ.

ಕಂದಲೋಲ: ಬರಲಿ, ಕಿವಿಗೊಟ್ಟು ಎಣಿಸುತ್ತೇನೆ.