ಸಹಾಯ ಬೇಕು: ಬ್ರೆಜಿಲ್‌ನ ‘ಜನೆರಲ್ ದೆ ಬ್ರಿಗಾದ’ ಎಂಬ ಸೇನಾ ಹುದ್ದೆಗೆ ಕನ್ನಡದಲ್ಲಿ ಏನು ಬರೆಯಲಿ?

ಎಲ್ಲರಿಗೂ ನಮಸ್ಕಾರ. ಎರಡನೇ ಮಹಾಯುದ್ಧದಲ್ಲಿ ಬ್ರೆಜಿಲ್‌ನ ಸುಮಾರು 25,000 ಸೈನಿಕರು ಇಟಲಿಗೆ ಹೋಗಿ ಹೋರಾಡಿದ್ದರು, 1945ರ ಫೆಬ್ರವರಿಯಲ್ಲಿ ಮೊಂತೆ ಕಾಸ್ತೆಲ್ಲೊ ಬೆಟ್ಟ ಗೆದ್ದರು. ನಮ್ಮಲ್ಲಿ ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಅದಕ್ಕೇ ಒಂದು ಲೇಖನ ಬರೆಯುತ್ತಿದ್ದೇನೆ, ಆದರೆ ಹುದ್ದೆಗಳ ಹೆಸರಲ್ಲಿ ಎರಡು ವಾರದಿಂದ ಸಿಕ್ಕಿಹಾಕಿಕೊಂಡಿದ್ದೇನೆ.

ಕೆಳಗಿನ ಹುದ್ದೆಗಳು ಸುಲಭ. ಅವರ ಕ್ಯಾಪ್ಟನ್ ಹೆಗಲ ಮೇಲೂ ನಮ್ಮ ಹಾಗೇ ಮೂರು ನಕ್ಷತ್ರ. ಮೇಜರ್‌ನಿಂದ ಬೇರೆ ಥರದ, ಅಲಂಕಾರದ ದೊಡ್ಡ ನಕ್ಷತ್ರ ಶುರುವಾಗುತ್ತದೆ, ಕರ್ನಲ್‌ಗೆ ಅಂಥವು ಮೂರು. ನಮ್ಮಲ್ಲಾದರೆ ಅಲ್ಲಿ ಅಶೋಕ ಲಾಂಛನ ಬರುತ್ತದೆ, ಅಲ್ವಾ?

ತೊಂದರೆ ಕರ್ನಲ್ ಮೇಲಿನ ಮೆಟ್ಟಿಲಲ್ಲಿ. ಅಲ್ಲಿ ಬರುವುದು ‘ಜನೆರಲ್ ದೆ ಬ್ರಿಗಾದ’. ಕರ್ನಲ್ ಆದ ಮೇಲಿನ ಮೊದಲ ಹುದ್ದೆ ಅಂತ ನೋಡಿದರೆ ನಮ್ಮ ಬ್ರಿಗೇಡಿಯರ್‌ಗೆ ಸಮ. ಆದರೆ ಜನರಲ್‌ಗಳ ನಕ್ಷತ್ರದ ಲೆಕ್ಕವೇ ಬೇರೆ, ಇವರಿಗೆ ಎರಡು ನಕ್ಷತ್ರ; ‘ಎರಡು ನಕ್ಷತ್ರದ ಜನರಲ್’ ಅನ್ನುವ ಲೆಕ್ಕದಲ್ಲಿ ನಮ್ಮ ಮೇಜರ್ ಜನರಲ್ ಆಗಬೇಕು. ಸುಮ್ನೆ ‘ಬ್ರಿಗೇಡಿಯರ್’ ಅಂತ ಬರೆದುಬಿಡೋಣ ಅಂದರೆ, ಬ್ರೆಜಿಲ್‌ನಲ್ಲಿ ‘ಬ್ರಿಗದೇಯ್ರು’ ಅನ್ನುವುದು ವಾಯುಪಡೆಯ ಹುದ್ದೆ! ಎದುವಾರ್ದು ಗೋಮಿಸ್ ಅಂಥವರು, 1945ರ ಅಧ್ಯಕ್ಷ ಚುನಾವಣೆಗೆ ನಿಂತವರು, ಆ ಹೆಸರಿಂದಲೇ ಪ್ರಸಿದ್ಧರು.

ಇಂಗ್ಲಿಷ್ ಪಟ್ಟಿಗಳನ್ನು ಹೋಲಿಸಿ ನೋಡಿದೆ, ಒಂದೊಂದರಲ್ಲಿ ಒಂದೊಂದು ಥರ ಇದೆ. ಅನುವಾದದ ಆ್ಯಪ್ ಎರಡಕ್ಕೂ ‘ಬ್ರಿಗೇಡಿಯರ್’ ಅನ್ನುತ್ತದೆ. ಆ ಸೈನಿಕರ ಹುದ್ದೆ ತಪ್ಪಾಗಿ ಬರೆಯಲು ನನಗೆ ಮನಸ್ಸಿಲ್ಲ.

ಸೇನೆಯಲ್ಲಿದ್ದವರು, ಪೋರ್ಚುಗೀಸ್ ಬಲ್ಲವರು ದಯವಿಟ್ಟು ಹೇಳಿ: ಭೂಸೇನೆಯ ಈ ಹುದ್ದೆಗೆ ‘ಬ್ರಿಗೇಡಿಯರ್’, ‘ಮೇಜರ್ ಜನರಲ್’, ‘ಬ್ರಿಗೇಡ್ ಜನರಲ್’ ಇವುಗಳಲ್ಲಿ ಯಾವುದು ಸರಿ? ವಾಯುಪಡೆಯ ಬ್ರಿಗದೇಯ್ರುವನ್ನು ‘ಏರ್ ಕಮೋಡೋರ್’ ಅನ್ನಬಹುದೇ, ಇಲ್ಲ ಮೂಲ ಹೆಸರನ್ನೇ ಇಡಲೇ?