‘ಮಹಾಪ್ರಳಯದಿಂದ ಪಾರಾದ ಮೊಸಳೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಹೋದ ವಾರ ದಾವಣಗೆರೆಯ ಒಂದು ಶಾಲೆಯಲ್ಲಿ ಮಕ್ಕಳ ವಿಜ್ಞಾನ ಮೇಳ ಇತ್ತು. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಥರ್ಮಕೋಲಿನಲ್ಲಿ ಮೊಸಳೆ ಮಾಡಿ, ಬೆನ್ನಿನ ತುಂಬ ಹುಣಸೆ ಬೀಜ ಅಂಟಿಸಿದ್ದಳು. ಪಕ್ಕದ ಹಾಳೆಯಲ್ಲಿ ‘ಮಹಾಪ್ರಳಯದಿಂದ ಪಾರಾದ ಮೊಸಳೆ’ ಅಂತ ಬರೆದಿತ್ತು. ಹೇಗೆ ಪಾರಾಯಿತಮ್ಮಾ ಅಂತ ಕೇಳಿದೆ. ‘ಅದಕ್ಕೆ ಈಜು ಬರುತ್ತಲ್ಲ ಸಾರ್’ ಅಂದಳು.

ಅವಳದ್ದೇನೂ ತಪ್ಪಿಲ್ಲ. ಪ್ರಳಯ ಅಂದ ಕೂಡಲೇ ನಮಗೆ ಕಾಣುವುದು ನೀರು. ಪಾರ ಅಂದರೆ ಆಚೆ ದಡ. ಈ ಎರಡೂ ಪದ ಸೇರಿದರೆ ಯಾವ ಮಗುವಿಗಾದರೂ ಮೊಸಳೆ ಈಜಿ ದಡ ಸೇರಿದ ಹಾಗೇ ಅನ್ನಿಸುತ್ತದೆ. ಪದವೇ ತಪ್ಪು ಕಾರಣ ಹೇಳಿಕೊಟ್ಟಿತು. ಅಂದಿನಿಂದ ಇದು ನನ್ನ ತಲೆಯಲ್ಲಿ ಕೊರೆಯುತ್ತಿದೆ, ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಹಾಳೆಯಲ್ಲಿ ಮಹಾಪ್ರಳಯ ಅಂದದ್ದು ಡೈನೋಸಾರ್‌ಗಳು ಅಳಿದುಹೋದ ಆ ಘಟನೆಗೆ. ಅದು ಆಗಿದ್ದು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ. ಹತ್ತು ಕಿಲೋಮೀಟರಿನಷ್ಟು ದೊಡ್ಡ ಬಾಹ್ಯಾಕಾಶದ ಬಂಡೆಯೊಂದು ಈಗಿನ ಮೆಕ್ಸಿಕೋ ದೇಶದ ಅಂಚಿಗೆ ಬಂದು ಅಪ್ಪಳಿಸಿತು. ಅಲ್ಲಿ ಆದ ಕುಳಿಗೆ ಚಿಕ್ಸುಲೂಬ್ ಅನ್ನುತ್ತಾರೆ. ಅಗಲ ಸುಮಾರು 180 ಕಿಲೋಮೀಟರ್. ಹತ್ತಿರ ಹತ್ತಿರ ದಾವಣಗೆರೆಯಿಂದ ತುಮಕೂರಿಗೆ ಹೋದಷ್ಟು! ಸುನಾಮಿ ಎದ್ದದ್ದೂ ನಿಜವೇ. ಆದರೆ ಭೂಮಿಯ ತುಂಬ ಜೀವಗಳನ್ನು ತೆಗೆದದ್ದು ಆಮೇಲೆ ಬಂದ ಕತ್ತಲು, ಚಳಿ, ಹಸಿವು. ದೂಳು, ಮಸಿ ಮೇಲೆ ಹರಡಿ ಬಿಸಿಲು ನಿಂತಿತು. ಗಿಡ ಸತ್ತವು. ಗಿಡ ತಿನ್ನುವವು ಸತ್ತವು. ಅವನ್ನು ತಿನ್ನುತ್ತಿದ್ದವೂ ಸತ್ತವು. ಜೀವಜಾತಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಹೋಯಿತು.

ಈಜು ಕಾಪಾಡುವ ಹಾಗಿದ್ದರೆ ಮೋಸಸಾರ್‌ಗಳು ಇವತ್ತೂ ಇರಬೇಕಿತ್ತು. ಸಮುದ್ರದಲ್ಲೇ ಬಾಳಿದ ಭಾರೀ ಹಲ್ಲಿಗಳು ಅವು. ಒಂದೂ ಉಳಿಯಲಿಲ್ಲ.

ಮೊಸಳೆಯ ಕಡೆಯವು ಉಳಿದದ್ದಕ್ಕೆ ಬೇರೆ ಕಾರಣ ಹೇಳುತ್ತಾರೆ. ಹೊಳೆಯಲ್ಲಿ ಬಿಸಿಲು ಇಲ್ಲದಿದ್ದರೂ ಕೊಳೆತ ಎಲೆ, ಕಸಕಡ್ಡಿ ಇರುತ್ತದೆ. ಅದನ್ನು ಹುಳ ತಿನ್ನುತ್ತದೆ, ಹುಳವನ್ನು ಮೀನು ತಿನ್ನುತ್ತದೆ, ಮೀನನ್ನು ಮೊಸಳೆ. ಜೊತೆಗೆ ಅದರ ಮೈಗೆ ಬೇಕಾಗುವ ಊಟವೇ ತೀರಾ ಕಮ್ಮಿ. ನಮ್ಮ ಹಾಗೆ ತಿಂದು ಮೈ ಬಿಸಿ ಇಟ್ಟುಕೊಳ್ಳುವುದಿಲ್ಲ, ಬಿಸಿಲು ಕಾಯಿಸಿಕೊಳ್ಳುತ್ತದೆ. ತಿಂಗಳುಗಟ್ಟಲೆ ಏನೂ ತಿನ್ನದೆ ಇರಬಲ್ಲದು. ಆಗಿನ ಮೊಸಳೆ ಬಳಗದಲ್ಲಿ ನೆಲದ ಮೇಲೆ ಓಡಾಡುವವಿದ್ದವು, ಗಿಡ ತಿನ್ನುವವೂ ಇದ್ದವು. ಆ ಗಿಡ ತಿನ್ನುವವು ಇವತ್ತು ಇಲ್ಲ.

ಈ ಬೇಸಿಗೆ ಹರಿಹರದ ಹತ್ತಿರ ತುಂಗಭದ್ರೆಯ ದಡದಲ್ಲಿ ಒಂದು ಮೊಸಳೆ ನೋಡಿದೆ. ಹೊಳೆ ಬತ್ತಿ ಮಡು ಮಾತ್ರ ಉಳಿದಿತ್ತು. ಬಂಡೆ ಮೇಲೆ ಬಾಯಿ ತೆರೆದು ಮಲಗಿತ್ತು. ಕೆಳದವಡೆಯ ಮೇಲೆ ನೊಣ ಕೂತು ಎದ್ದು ಮಾಡುತ್ತಿದ್ದರೂ ರೆಪ್ಪೆ ಸಹ ಅಲ್ಲಾಡಲಿಲ್ಲ. ಸತ್ತಿದೆಯೇನೋ ಅಂದೆ. ಬಲೆ ಒಣಗಿಸುತ್ತಿದ್ದ ಹಿರಿಯರು ‘ಸತ್ತಿಲ್ರೀ, ಜೀವ ಹಿಡ್ಕಂಡು ಕುಂತೈತಿ. ಮಳಿ ಬರೋತನ ಹಿಂಗಾ’ ಅಂದರು.

ಜೀವ ಹಿಡಿದುಕೊಂಡು ಕೂರುವುದು! ನನಗೆ ಬೇಕಾದ ಅರ್ಥ ಪೂರ್ತಿ ಅದರಲ್ಲಿದೆ. ಚಳ್ಳಕೆರೆ ಕಡೆ ಬರದ ವರ್ಷ ದನಗಳ ವಿಷಯ ಬಂದರೆ ‘ತಡಕಂಡವು’ ಅನ್ನುವುದನ್ನೂ ಕೇಳಿದ್ದೇನೆ. ಮೇವಿಲ್ಲ, ನೀರಿಲ್ಲ, ಆದರೂ ತಡೆದುಕೊಂಡವು. ಪಾರಾಗುವುದರಲ್ಲಿ ಒಂದು ಓಟ ಇದೆ. ತಡೆದುಕೊಳ್ಳುವುದರಲ್ಲಿ ಓಟ ಇಲ್ಲ, ಹಸಿವು ಇದೆ, ದಿನ ಎಣಿಸುವುದು ಇದೆ.

ಇನ್ನು ‘ಬದುಕುಳಿದವು’. ಪೇಪರಿನಲ್ಲಿ ಇದೇ ಜಾಸ್ತಿ. ಬಸ್ಸು ಉರುಳಿದಾಗ ಮೂವರು ಬದುಕುಳಿದರು ಅನ್ನುತ್ತೇವೆ, ಅಲ್ಲಿ ಸರಿ. ಇಲ್ಲಿ ಒಂದು ತೊಡಕಿದೆ. ಇವತ್ತು ತುಂಗಭದ್ರೆಯಲ್ಲಿರುವ ಜಾತಿಯ ಮೊಸಳೆ ಆ ಕಾಲದಲ್ಲಿ ಇರಲೇ ಇಲ್ಲ. ಇದ್ದದ್ದು ಅದರ ಹಿರೀಕರು. ಉಳಿದದ್ದು ಕುಲ. ಕುಲಕ್ಕೆ ‘ಉಳಿದುಬಂತು’ ಅನ್ನುವುದು ನನಗೆ ಹೆಚ್ಚು ಒಪ್ಪುತ್ತದೆ. ಹಳೇ ಹಾಡು ಬಾಯಿಂದ ಬಾಯಿಗೆ ಉಳಿದುಬಂತು ಅನ್ನುವುದಿಲ್ಲವೇ, ಹಾಗೆ. ‘ಮೊಸಳೆಗಳು ಆ ಕೆಟ್ಟ ವರ್ಷಗಳನ್ನು ತಡೆದುಕೊಂಡವು, ಅವುಗಳ ಕುಲ ಉಳಿದುಬಂತು’ ಅಂತ ಬರೆದರೆ ಆ ಹುಡುಗಿಗೆ ತಿಳಿಯುತ್ತಿತ್ತು ಅನ್ನಿಸುತ್ತದೆ.

ಪ್ರಳಯದ ಜಾಗಕ್ಕೆ ಪಠ್ಯದವರು ‘ಸಾಮೂಹಿಕ ಅಳಿವು’ ಬಳಸುತ್ತಾರೆ. ನಮ್ಮ ಜಿಲ್ಲೆಯಲ್ಲಿ ಸಾಮೂಹಿಕ ಅಂದರೆ ಜನಕ್ಕೆ ಮೊದಲು ನೆನಪಾಗುವುದು ಮದುವೆ. ಒಟ್ಟಿಗೆ ಸೇರಿ ಮಾಡುವ ಕೆಲಸದ ಭಾವ ಅದಕ್ಕೆ ಅಂಟಿಕೊಂಡಿದೆ. ನಾನು ‘ಮಹಾ ಅಳಿವು’ ಅನ್ನುತ್ತಿದ್ದೇನೆ. ಅಳಿವು ನಮ್ಮದೇ ಪದ, ಅಳಿವು ಉಳಿವು ಅಂತ ಜೋಡಿಯಾಗಿಯೇ ಬಾಯಿಗೆ ಬರುತ್ತದೆ.

ಮೊಸಳೆ ಅನ್ನುವ ಪದಕ್ಕೂ ದೊಡ್ಡ ಬಳಗವಿದೆ. ತಮಿಳಿನಲ್ಲಿ ಮುದಲೈ, ತೆಲುಗಿನಲ್ಲಿ ಮೊಸಲಿ, ಮಲಯಾಳದಲ್ಲಿ ಮುದಲ. ಹಳಗನ್ನಡದಲ್ಲಿ ನೆಗಳ್ ಅಂತ ಇನ್ನೊಂದು ಪದವೂ ಇತ್ತು. ಆಡುಮಾತಿನಲ್ಲಿ ನಾನಂತೂ ಅದನ್ನು ಕೇಳಿಲ್ಲ. ನಿಮ್ಮಲ್ಲಿ ಯಾರಾದರೂ ಕೇಳಿದ್ದೀರಾ?

ಈಗ ನನ್ನ ಪ್ರಶ್ನೆಗಳು. ಕುಲ ಉಳಿಯುವುದಕ್ಕೂ ಒಂದು ಜೀವ ಉಳಿಯುವುದಕ್ಕೂ ನಿಮ್ಮ ಕಡೆ ಬೇರೆ ಬೇರೆ ಮಾತು ಇದೆಯಾ? ‘ತಡೆದುಕೊಂಡವು’ ಅನ್ನುವುದು ಬೇರೆ ಸೀಮೆಯ ಮಕ್ಕಳಿಗೆ ಈ ಅರ್ಥದಲ್ಲಿ ತಿಳಿಯುತ್ತದಾ, ಅಥವಾ ‘ತಾಳಿಕೊಂಡವು’ ಮೇಲಾ? ಮತ್ತೊಂದು. ಬೇಸಿಗೆಯಲ್ಲಿ ಮೊಸಳೆ ಹೊಳೆಯ ದಡ ತೋಡಿ ಒಳಗೆ ಸೇರಿಕೊಳ್ಳುತ್ತದೆ. ಆ ಜಾಗಕ್ಕೆ ನಾನು ಸುಮ್ನೆ ಬಿಲ ಅಂತ ಬರೆದಿದ್ದೇನೆ. ಹೊಳೆಸಾಲಿನವರು ಅದಕ್ಕೆ ಏನನ್ನುತ್ತಾರೆ? ಹೊನ್ನಾಳಿ, ಹರಿಹರ, ಹೊಸಪೇಟೆ ಕಡೆಯವರು ದಯವಿಟ್ಟು ತಿಳಿಸಿ. ಹೊಸ ಹಾಳೆ ಬರೆದು ಆ ಹುಡುಗಿಗೆ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೇನೆ.